ಜುಟ್ಟು ಕಿತ್ತ ಕಾಯಿ

ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ. "ಅಮ್ಮ, ಅವಳ ಹೆಸರಲ್ಲಿ ಆಂಜನೇಯನ ಗುಡೀಲಿ ನೀನು ಕಾಯಿ ಕಟ್ಟಿದ್ಯಲ್ಲ, ಅದನ್ನ ಬಿಚ್ಚಿಸಿ ಇಟ್ಟಿರು. ಅವಳವ್ವ ಕೇಳ್ತಿದಾರೆ. ಹನ್ನೊಂದರ ದಿನ ಅವರೂರ ಡ್ಯಾಮಿನ ಹಿನ್ನೀರಿಗೆ ಬಿಡ್ಬೇಕಂತೆ. ನಾವು ಆಚೆನಾಡಿದ್ದು ಬೆಳಗಿನ ಗಾಡಿಗೆ ಬರ್ತೀವಿ."

ನಾನು "ಹ್ಞೂಂ" ಅಂದೆ. ಫೋನ್ ಇಟ್ಟ ಮೇಲೆ, ಆಗಲೇ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನೆಲ್ಲ ಮತ್ತೆ ಬಚ್ಚಲಿಗೆ ಒಯ್ದು ತೊಳೆಯಲು ಕೂತೆ. ಯಾಕೆಂದರೆ ಅಂಥ ಕಾಯಿಯೇ ಇರಲಿಲ್ಲ. ನಾನು ಕಟ್ಟಿರಲೇ ಇಲ್ಲ.

ನಮ್ಮದು ಚಿಕ್ಕಜಾಜೂರು. ಯಜಮಾನರಿಗೆ ಇಲ್ಲಿನ ಜಂಕ್ಷನ್ನಿನಲ್ಲಿ ಕೆಲಸ, ಬರುವ ಗಾಡಿಗೆ ಹಳಿ ಸರಿಮಾಡಿ ದಾರಿ ಬಿಡುವುದು. ಹಳಿ ಬಿಟ್ಟು ಒಂದು ಗೇಣು ಆಚೆ ಹೋಗದ ಗಾಡಿಗಳನ್ನು ನೋಡಿಕೊಂಡು ಬದುಕಿದ ಮನೆ ಇದು. ಇಂಥ ಮನೆಯಲ್ಲಿ ಹುಟ್ಟಿದ ಮಗಳು ವಿಮಾನ ಹಾರಿಸುವುದನ್ನು ಕಲಿತಳು. ಕಲಿತಿದ್ದಷ್ಟೇ ಅಲ್ಲ, ಅರ್ಧ ದಿನದ ರೈಲಿನ ದೂರದಲ್ಲಿರುವ ಊರೊಂದರಲ್ಲಿ ಈಗ ಬೇರೆಯವರಿಗೂ ಕಲಿಸುತ್ತಾಳೆ. ಅಲ್ಲಿರುವುದು ದೊಡ್ಡ ವಿಮಾನಗಳಲ್ಲ, ಇಬ್ಬರು ಕೂರುವಷ್ಟು ಜಾಗವಿರುವ ಸಣ್ಣವು. ಒಮ್ಮೆ ಹೋಗಿ ನೋಡಿ ಬಂದಿದ್ದೆ. ಅದರ ಬಾಗಿಲು ಹಾಕುವಾಗ ನಮ್ಮ ಹಳೇ ಗಾಡ್ರೇಜ್ ಬೀರುವಿನಷ್ಟೂ ಸದ್ದು ಬರಲಿಲ್ಲ. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಆಗ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ದಿನಾ ಬೆಳಿಗ್ಗೆ ಮೊದಲ ಹಾರಾಟ ಮುಗಿಸಿ ಚಕ್ರ ನೆಲಕ್ಕೆ ತಾಗಿ ವಿಮಾನ ನಿಂತ ಕೂಡಲೇ ಅವಳು ನನಗೆ ಒಂದೇ ಪದ ಕಳಿಸಬೇಕು: "ಇಳಿದೆ." ಅದು ಬರುವ ತನಕ ನಾನು ಕಾಫಿ ಕುಡಿಯುವುದಿಲ್ಲ. ಸಂಜೆ ದೀಪ ಹಚ್ಚಿ, ಆ ದಿನ ದೇವರು ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಮಂಡಿ ನೋವು ಕಡಿಮೆ ಇತ್ತು, ಪಕ್ಕದ ಮನೆಯವರು ನುಗ್ಗೆಸೊಪ್ಪು ಕೊಟ್ಟರು, ಹೀಗೆ. ಮೊದಲ ಗೆಣ್ಣು ಯಾವಾಗಲೂ ಮಗಳದು.

ಇದರ ಮೇಲೆ ಕಾಯಿ. ಪ್ರತಿ ಶ್ರಾವಣದ ಒಂದು ಶನಿವಾರ ಆಂಜನೇಯನ ಗುಡಿಯಲ್ಲಿ ಹಳದಿ ಬಟ್ಟೆಯಲ್ಲಿ ಕಾಯಿ ಸುತ್ತಿ ಮಗಳ ಹೆಸರಿನಲ್ಲಿ ಕಟ್ಟುತ್ತೇನೆ. ಮುಂದಿನ ವರ್ಷ ಅದನ್ನು ಬಿಚ್ಚಿ ಹೊಸದು ಕಟ್ಟುವುದು. ಎಷ್ಟೋ ದೇವರಿದ್ದರೂ ಆಂಜನೇಯನೇ ಯಾಕೆಂದರೆ, ಆಕಾಶದಲ್ಲಿ ಹೋಗಿ ಬಂದು ಗೊತ್ತಿರುವವನು ಅವನೊಬ್ಬನೇ ಅಂತ ನನ್ನ ಲೆಕ್ಕ.

ಫೋನಿನಲ್ಲಿ ಮಗಳು ಅವಳು ಅಂದ ಆ ಹುಡುಗಿ ಹೊಸದುರ್ಗ ತಾಲೂಕಿನ ಒಂದು ಹಳ್ಳಿಯವಳು. ಅಜ್ಜ ಕುರಿ ಕಾಯ್ದವರು, ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ನನ್ನ ಮಗಳ ಹತ್ತಿರವೇ ಕಲಿತು, ಅಲ್ಲೇ ಅವಳ ಜೊತೆ ಕೆಲಸಕ್ಕೆ ಸೇರಿದ್ದಳು. ಇನ್ನೂ ಇಪ್ಪತ್ಮೂರು. ಊರಿಗೆ ಹೋಗುವಾಗ ಜಾಜೂರಿನಲ್ಲಿ ಇಳಿದು, ನಮ್ಮ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ತಿಂದು, ಆಮೇಲೆ ಹೊಳಲ್ಕೆರೆ ಮೇಲಿನ ಬಸ್ಸು ಹಿಡಿಯುತ್ತಿದ್ದಳು. ಕಳೆದ ವರ್ಷ ಆಷಾಢದಲ್ಲಿ ಬಂದಾಗ ದೇವರ ಕೋಣೆಯಲ್ಲಿ ಹಳದಿ ಬಟ್ಟೆ ಮಡಿಸಿಟ್ಟಿದ್ದನ್ನು ನೋಡಿ ಏನೆಂದು ಕೇಳಿದಳು. ಹೇಳಿದೆ.

"ಅಮ್ಮ, ನಂಗೂ ಒಂದು ಕಟ್ರಿ ಮತ್ತೆ. ನಮ್ಮವ್ವ ದೇವರ ಹತ್ರ ಬರೀ ಮಳೆ ಕೇಳ್ತಾಳೆ, ಕುರಿಗೆ ರೋಗ ಬರದಂಗೆ ಕೇಳ್ತಾಳೆ. ನನ್ ಸರದಿ ಬರೋದ್ರಾಗೆ ಪೂಜಾರಿ ಬಾಗ್ಲು ಹಾಕಿರ್ತಾನೆ."

"ಕಟ್ತೀನಿ ಬಿಡೇ, ಅದಕ್ಕೇನು" ಅಂದೆ.

ಶ್ರಾವಣದ ಶನಿವಾರ ಎರಡು ಕಾಯಿ ತಗೊಂಡೇ ಹೋದೆ. ಗುಡಿ ತಲುಪಿ ಚೀಲ ಬಿಚ್ಚಿದರೆ ಒಂದು ಕಾಯಿಯ ಜುಟ್ಟು ಕಿತ್ತು ಬಂದಿತ್ತು. ಜುಟ್ಟಿಲ್ಲದ ಕಾಯಿ ಹರಕೆಗೆ ಬರುವುದಿಲ್ಲ. ಜುಟ್ಟಿರುವುದನ್ನು ನನ್ನ ಮಗಳ ಹೆಸರಿಗೆ ಕಟ್ಟಿಸಿದೆ. ಕೈ ತಾನಾಗಿ ಹಾಗೆ ಹೋಯಿತು, ಯೋಚನೆ ಮಾಡಿದ್ದೂ ಇಲ್ಲ. ಇನ್ನೊಂದನ್ನು ಮುಂದಿನ ಶನಿವಾರ ಹೊಸದು ತಂದು ಕಟ್ಟಿದರಾಯಿತು ಅಂದುಕೊಂಡು ಮನೆಗೆ ವಾಪಸ್ ತಂದೆ. ಮುಂದಿನ ಶನಿವಾರ ಮಳೆ. ಅದರ ಮುಂದಿನದು ಯಾರದೋ ಮದುವೆ ಮಾತುಕತೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ದೋಸೆಗೆ ಏನೂ ಇರಲಿಲ್ಲ ಅಂತ ಆ ಕಾಯಿ ಒಡೆದು ಚಟ್ನಿ ಅರೆದೆ. ಯಜಮಾನರು ಎರಡು ಸಲ ಹಾಕಿಸಿಕೊಂಡರು.

ಶ್ರಾವಣ ಮುಗಿಯುವ ಹೊತ್ತಿಗೆ ಆ ಹುಡುಗಿ ಮಗಳ ಫೋನಿನಿಂದ ಮಾತಾಡಿದಳು. "ಅಮ್ಮ, ಕಟ್ಟಿದ್ರಾ ನಂದು?"

"ಹ್ಞೂಂ, ಕಟ್ಟಿದೀನಿ" ಅಂದೆ. ಅಷ್ಟು ದೂರದಲ್ಲಿರುವ ಮಗುವಿಗೆ ಇಲ್ಲ ಅನ್ನುವುದು ಯಾಕೆ ಅನ್ನಿಸಿತು.

ಅವಳು ಅದನ್ನು ತಾಯಿಗೆ ಹೇಳಿದ್ದಾಳೆ. ಮಗಳು ಇಳಿದ ಸುದ್ದಿ ಬರುವ ತನಕ ಕಾಫಿ ಕೂಡ ಕುಡಿಯದ ಜಾಜೂರಿನ ಅಮ್ಮ ನನ್ನ ಹೆಸರಲ್ಲಿ ಕಾಯಿ ಕಟ್ಟಿದ್ದಾರೆ, ನೀನು ಚಿಂತೆ ಮಾಡಬೇಡ ಅಂತ.

ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಅವಳೊಬ್ಬಳೇ ಹಾರಿ, ತಿರುಗಿ ಬಂದು ಇಳಿಯುವಾಗ, ರನ್‌ವೇಗೆ ಸ್ವಲ್ಪ ಈಚೆ ಜೋಳದ ಹೊಲದಲ್ಲಿ ವಿಮಾನ ಬಿದ್ದಿತು. ಯಾಕೆ ಬಿದ್ದಿತು ಅನ್ನುವುದು ಇನ್ನೂ ವಿಚಾರಣೆಯಲ್ಲಿದೆ. ಆ ದಿನ ನನಗೆ "ಇಳಿದೆ" ಎಂದಿನ ಹೊತ್ತಿಗೇ ಬಂದಿತ್ತು. ಕಾಫಿ ಕುಡಿದೆ. ಹನ್ನೆರಡು ಗಂಟೆಗೆ ಮಗಳು ಫೋನ್ ಮಾಡಿ ಅಳುತ್ತ ಸುದ್ದಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ನೀನು ಹುಷಾರಾಗಿದ್ಯಲ್ಲ, ಸದ್ಯ." ಆ ಸದ್ಯ ಅನ್ನುವ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಮಣ್ಣು ಮಾಡುವ ದಿನ ನಾನು ಹೋಗಲಿಲ್ಲ. ಮೈ ಹುಷಾರಿಲ್ಲ ಅಂದೆ. ಈಗ ಹನ್ನೊಂದರ ದಿನಕ್ಕೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಫೋನ್ ಬಂದ ಮಾರನೆಯ ದಿನ ಗುಡಿಗೆ ಹೋಗಿ ಹರಕೆಯ ಕಾಯಿ ಕಟ್ಟುವ ತೊಲೆಯ ಕೆಳಗೆ ನಿಂತೆ. ಮಗಳ ಕಾಯಿ ಅಲ್ಲೇ ತೂಗುತ್ತಿತ್ತು, ಬಟ್ಟೆ ಬಿಸಿಲಿಗೆ ಬಿಳಚಿಕೊಂಡಿತ್ತು. ಇದನ್ನೇ ಬಿಚ್ಚಿಸಿ ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

"ಬಿಚ್ಬೇಕೇನಮ್ಮ?" ಪೂಜಾರಿ ಕೇಳಿದರು.

"ಇಲ್ಲ, ಸುಮ್ನೆ ಬಂದೆ."

"ಸುಮ್ನೆ ಬಂದೋರು ಹಿಂಗೆ ಕತ್ತು ಎತ್ತಿ ನಿಂತ್ಕಂತಾರಾ? ಕುಂತ್ಕಳ್ರಿ, ತೀರ್ಥ ಕೊಡ್ತೀನಿ."

ಕೂರಲು ಆಗಲಿಲ್ಲ. ಮಗಳ ಕಾಯಿ ಬಿಚ್ಚುವ ಧೈರ್ಯವೂ ಆಗಲಿಲ್ಲ, ನಿಜ ಹೇಳಬೇಕಲ್ಲ. ಅಂಗಡಿಗೆ ಹೋಗಿ ಒಂದು ಕಾಯಿ ಕೇಳಿದೆ. ಅಂಗಡಿಯವನು "ಜುಟ್ಟಿರೋದಾ, ಇಲ್ಲದ್ದಾ?" ಅಂದ. ದಿನಾ ಕೇಳುವ ಮಾತೇ. ಜುಟ್ಟಿರುವುದನ್ನು ಆರಿಸಿ, ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡೆ.

ಮನೆಗೆ ತಂದು, ಹಿಂದಿನ ವರ್ಷಗಳಲ್ಲಿ ಬಿಚ್ಚಿದ ಹಳೇ ಹಳದಿ ಬಟ್ಟೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ಸುತ್ತಿದೆ. ಕಾಯಿ ಮಾತ್ರ ಹೊಸದಾಗಿ ಕಾಣುತ್ತಿತ್ತು. ಅದಕ್ಕೆ ಅರಿಶಿನ ಸವರಿ, ಎರಡು ದಿನ ಒಲೆಯ ಪಕ್ಕ ಇಟ್ಟೆ.

"ಏನೇ ಅದು, ಕಾಯಿ ಒಲೆ ಮಗ್ಗುಲಾಗೆ ಇಟ್ಟೀಯ? ಅದಕ್ಕೂ ಚಳಿಯಾ?" ಯಜಮಾನರು ಕೇಳಿದರು.

"ಒಣಗ್ಲಿ ಅಂತ."

"ಒಣಗಿದ್ ಕಾಯಿ ಯಾರಿಗ್ ಬೇಕು?"

ನಾನು ಮತ್ತೆ ಪಾತ್ರೆ ತೊಳೆಯಲು ಹೋದೆ.

ಮೂರು ಜನ ಬಂದರು. ನನ್ನ ಮಗಳು. ಅವರಿಗೆಲ್ಲ ಹಿರಿಯರಾದ, ನಲವತ್ತೈದು ದಾಟಿದ ಒಬ್ಬ ಪೈಲಟ್. ಇನ್ನೊಬ್ಬ ಹಿರಿಯೂರಿನ ಹುಡುಗ, ತೀರಿಕೊಂಡ ಹುಡುಗಿಯ ಜೊತೆಗೇ ಕಲಿತವನು. ಆಕಾಶದಲ್ಲಿ ಓಡಾಡುವ ಮೂವರು ರೈಲಿನಿಂದ ಇಳಿದು, ಪ್ಲಾಟ್‌ಫಾರಂ ದಾಟಿ, ಚೀಲ ಹಿಡಿದುಕೊಂಡು ನಡೆದು ಬಂದರು. ನಡಿಗೆಯಲ್ಲಿ ಜೀವವಿರಲಿಲ್ಲ.

"ಕುಂತ್ಕಳ್ರಪ್ಪ" ಅಂದೆ. ಕೂತರು. ಎರಡು ನಿಮಿಷಕ್ಕೆ ಹಿರಿಯರು ಎದ್ದು ಕಿಟಕಿಗೆ ಹೋದರು. ಹಿರಿಯೂರಿನವನು ಅಂಗಳಕ್ಕೆ ಹೋಗಿ ತುಳಸಿಕಟ್ಟೆ ಸುತ್ತಿ ಬಂದ. ಮಗಳು ಬಂದವಳೇ ನನ್ನ ಕೈಯಿಂದ ಈರುಳ್ಳಿ ಕಸಿದುಕೊಂಡು ಹೆಚ್ಚತೊಡಗಿದಳು, ಸಾಕು ಅಂದರೂ ನಿಲ್ಲಿಸಲಿಲ್ಲ. ಗೂಡ್ಸ್ ಗಾಡಿಯೊಂದು ಮನೆಯ ಹಿಂದೆ ಹಾದು ಹೋಯಿತು. ಆ ಸದ್ದಿಗೆ ಮೂವರೂ ತಲೆ ಎತ್ತಿ ನೋಡಿದ್ದು ಸೂರಿನ ಕಡೆ.

ಮಂಡಕ್ಕಿ ಒಗ್ಗರಣೆ ಮುಂದಿಟ್ಟೆ. ಹಿರಿಯೂರಿನ ಹುಡುಗ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಅಮ್ಮ, ಇದನ್ನೇ ಹೇಳಿ ಹೇಳಿ ತಲೆ ತಿಂತಿದ್ಲು. ನಿಮ್ ಕಡೇರಿಗೆ ಮಂಡಕ್ಕಿ ಮಾಡಾಕೆ ಬರಲ್ಲ ಕಣಲೇ, ಮಂಡಕ್ಕಿ ಅಂದ್ರೆ ಜಾಜೂರಮ್ಮಂದು ಅಂತ" ಅಂದ. ನಗಲು ಹೊರಟು ನಿಲ್ಲಿಸಿದ. ಆಮೇಲೆ ಯಾರೂ ಕೇಳದೆಯೇ ಶುರುಮಾಡಿದ. "ಅವತ್ತು ಬೆಳಿಗ್ಗೆ ಟೀ ಕುಡಿಯಾಣ ಬಾರಲೇ ಅಂದ್ಲಮ್ಮ. ನಾನು ಫೋನ್ ನೋಡ್ತಾ, ನೀ ಹೋಗ್ ಬಾ, ಬಂದ್ಮೇಲೆ ಕುಡಿಯಾಣ ಅಂದೆ. ಟೀ ಕುಡಿದಿದ್ರೆ ಹತ್ ನಿಮಿಷ ತಡ ಆಗ್ತಿತ್ತು. ಹತ್ ನಿಮಿಷ ಬಿಟ್ ನೋಡಿದ್ರೆ ಗಾಳೀನೇ ಬೇರೆ ಆಗಿತ್ತಮ್ಮ. ಬೇರೇನೇ ಆಗಿತ್ತು."

"ಹಾಗೆಲ್ಲ ಲೆಕ್ಕ ಹಾಕಬೇಡ" ಅಂದರು ಹಿರಿಯರು. ಆದರೆ ಅವರೂ ಹಾಕುತ್ತಿದ್ದರು. ತಟ್ಟೆ ಮುಟ್ಟಿರಲಿಲ್ಲ. "ನಾನು ಅವಳಿಗೆ ಹಿಂದಿನ ಸಂಜೆ ಬೈದಿದ್ದೆ. ಐದು ನಿಮಿಷ ತಡವಾಗಿ ಬಂದಳು ಅಂತ, ಹುಡುಗರ ಎದುರಿಗೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ವಿಚಾರಣೆಗೆ ಹೇಳಿಕೆ ಬರೆದುಕೊಟ್ಟೆನಲ್ಲ, ಅದರಲ್ಲಿ ಇದನ್ನ ಬರೆಯಲಿಲ್ಲ. ಅವಳ ಮನಸ್ಥಿತಿ ಹೇಗಿತ್ತು ಅಂತ ಕೇಳಿದ್ರು. ಚೆನ್ನಾಗಿದ್ದಳು ಅಂತ ಬರೆದೆ."

ಮಗಳು ಈರುಳ್ಳಿ ಹೆಚ್ಚುತ್ತಲೇ ಇದ್ದಳು. ತಲೆ ಎತ್ತದೆ ಹೇಳಿದಳು. "ನಾನು ಅವಳಿಗಿಂತ ಮೊದಲು ಇಳಿದಿದ್ದೆ. ವಿಮಾನ ನಿಲ್ಲಿಸಿ, ತಲೆ ಬಗ್ಗಿಸಿ ಅಮ್ಮಂಗೆ 'ಇಳಿದೆ' ಅಂತ ಟೈಪ್ ಮಾಡ್ತಿದ್ದೆ. ಕಳಿಸಿ ತಲೆ ಎತ್ತಿದ್ರೆ ಆಕಾಶದಲ್ಲಿ ಅವಳು ಇರಲಿಲ್ಲ. ನೋಡ್ತಿದ್ರೆ ಏನಾದ್ರೂ ಮಾಡಬಹುದಿತ್ತೋ ಏನೋ. ರೇಡಿಯೋದಲ್ಲಿ ಒಂದು ಮಾತು."

ನಾನು ಅಷ್ಟು ವರ್ಷ ಮೊದಲ ಗೆಣ್ಣಿನಲ್ಲಿ ಎಣಿಸಿದ ಆ ಒಂದು ಪದ. ನಾನೇ ಹಾಕಿದ ಪದ್ಧತಿ. ಅವಳ ತಲೆ ಬಗ್ಗಿಸಿದ್ದು ನಾನು.

ಯಜಮಾನರು ಮಾತಾಡಿದರು. ಅವರು ಹೆಚ್ಚು ಮಾತಿನವರಲ್ಲ. "ನಮ್ಮಲ್ಲೂ ಗಾಡಿ ಹಳಿ ತಪ್ಪಿದ್ರೆ ಮೊದ್ಲು ಬಾಯಿ ಹೊಲ್ಕಂತಾರೆ ಎಲ್ರೂ. ಆಮೇಲೆ ನಿದ್ದೆ ಬರಲ್ಲ. ಬರಕೊಟ್ಟಿದ್ದನ್ನ ತಿದ್ದಾಕೆ ಬರಾದಿಲ್ವಾ ಸಾರ್?"

"ಬರುತ್ತೆ" ಅಂದರು ಹಿರಿಯರು. "ನಮ್ಮ ಹಾರಾಟದ ಪುಸ್ತಕದಲ್ಲಿ ತಪ್ಪು ಬರೆದರೆ ಅಳಿಸೋ ಹಾಗಿಲ್ಲ, ಬಿಳಿ ಬಣ್ಣ ಹಚ್ಚೋ ಹಾಗಿಲ್ಲ. ಒಂದೇ ಒಂದು ಗೆರೆ ಎಳೀಬೇಕು. ಕೆಳಗಿರೋ ತಪ್ಪು ಎಲ್ಲರಿಗೂ ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಮಾಡಬೇಕು. ಅವಳಿಗೆ ಮೊದಲ ದಿನ ಹೇಳಿಕೊಟ್ಟಿದ್ದು ನಾನೇ." ತಟ್ಟೆ ಹತ್ತಿರ ಎಳೆದುಕೊಂಡರು. "ವಾಪಸ್ ಹೋದ ಕೂಡಲೇ ಬರೆದುಕೊಡ್ತೀನಿ."

ಮಗಳು ನನ್ನ ಕಡೆ ತಿರುಗಿದಳು. "ಅಮ್ಮ, ಕಾಯಿ ಎಲ್ಲಿ?"

"ಚೀಲದಾಗೈತೆ" ಅಂದೆ. ಸುಳ್ಳಲ್ಲ. ಕಾಯಿ ಚೀಲದಲ್ಲಿತ್ತು.

ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಯಜಮಾನರಿಗೆ ಡ್ಯೂಟಿ, ಅವರು ಬರಲಿಲ್ಲ. ಚೀಲ ನನ್ನ ತೊಡೆಯ ಮೇಲೆ. ಹೊಳಲ್ಕೆರೆಯಲ್ಲಿ ಹೂವು ತಗೊಳ್ಳಲು ನಿಲ್ಲಿಸಿದಾಗ ಬಯಲಿನಲ್ಲೇ ಕೂತ ಗಣಪನಿಗೆ ದೂರದಿಂದಲೇ ಕೈ ಮುಗಿದೆ. ಹೊಸದುರ್ಗದ ದಾರಿಯಲ್ಲಿ ಗುಡ್ಡದ ಸಾಲಿನ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಕಂಡವು. ಹಿರಿಯೂರಿನವನು ಕಿಟಕಿ ಇಳಿಸಿ, "ಪಶ್ಚಿಮಕ್ಕೆ ಮುಖ ಮಾಡ್ಯಾವೆ" ಅಂದ. ಹಿರಿಯರು ನೋಡದೆಯೇ "ಹ್ಞೂಂ, ಜೋರಿಲ್ಲ" ಅಂದರು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಫ್ಯಾನಿನ ಮುಖ ನೋಡಿ ಹೇಳುವುದನ್ನು ಆ ಹುಡುಗಿ ಕುರಿ ಮೇಯಿಸುವಾಗಲೇ ಕಲಿತಿದ್ದಳಂತೆ. ಅವಳು ಎಲ್ಲರಿಗೂ ಅಂಟಿಸಿದ ಚಾಳಿ ಅದು.

ನಾನು ಬಟ್ಟೆಯ ಗಂಟು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಒಂದು ಮೈಲಿ ದೂರ ಹೇಳಬೇಕು ಅನ್ನಿಸುತ್ತಿತ್ತು, ಮುಂದಿನ ಮೈಲಿಗೆ ಬೇಡ ಅನ್ನಿಸುತ್ತಿತ್ತು. ಆ ತಾಯಿಗೆ ಉಳಿದಿರುವುದೇ ಒಂದು ನಂಬಿಕೆ, ಮಗಳ ಹೆಸರಲ್ಲಿ ಒಬ್ಬರು ದೇವರಿಗೆ ಹೇಳಿದ್ದರು ಅಂತ. ಅದನ್ನು ಕಿತ್ತುಕೊಂಡು ನನ್ನ ಎದೆ ಹಗುರ ಮಾಡಿಕೊಳ್ಳುವುದು ಯಾವ ನ್ಯಾಯ? ಇಲ್ಲ, ಒಲೆಯ ಪಕ್ಕ ಒಣಗಿಸಿದ ಕಾಯಿಯನ್ನು ಅವಳ ಕೈಯಲ್ಲಿ ನೀರಿಗೆ ಬಿಡಿಸುವುದು ಯಾವ ನ್ಯಾಯ?

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು, ಪೈಲಟ್‌ಗಳನ್ನು ನೋಡಿ ಎದ್ದು ನಿಂತರು. ಹಿರಿಯರ ಕೈ ಹಿಡಿದುಕೊಂಡು ಹಾಗೇ ನಿಂತರು. ಗೋಡೆಯ ಮೇಲೆ ಅವಳ ಫೋಟೋ, ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿ. ಹೂವಿನ ಹಾರ ಒಂದು ಹೆಗಲ ಪಟ್ಟಿಯನ್ನು ಮುಚ್ಚಿತ್ತು. ಹಿರಿಯೂರಿನ ಹುಡುಗ ಹೋಗಿ ಹಾರವನ್ನು ಸ್ವಲ್ಪ ಸರಿಸಿ, ಎರಡೂ ಪಟ್ಟಿ ಕಾಣುವ ಹಾಗೆ ಮಾಡಿದ.

ತಾಯಿ ಹಿತ್ತಲ ಅಡಿಗೆ ಚಪ್ಪರದಲ್ಲಿದ್ದರು. ಸಣ್ಣ ಆಳು. ನನ್ನನ್ನು ನೋಡಿ, "ನೀವೇ ಏನ್ರಿ ಜಾಜೂರಮ್ಮ? ಬರ್ರಿ" ಅಂದರು. ನನ್ನ ಎರಡೂ ಕೈ ಹಿಡಿದುಕೊಂಡರು. "ಕಾಯಿ ತಂದ್ರಾ?"

ಚೀಲದಿಂದ ಗಂಟು ತೆಗೆದೆ. ಅವರು ಸೆರಗಿನಲ್ಲಿ ಇಸಿದುಕೊಳ್ಳಲು ಕೈ ಚಾಚಿದರು. ಆ ಸೆರಗು ನೋಡಿದ ಮೇಲೆ ನನ್ನ ಕೈ ಮುಂದೆ ಹೋಗಲಿಲ್ಲ.

"ಇದು ಅದಲ್ಲ ಕಣ್ರಿ" ಅಂದೆ. "ಇದು ಮೊನ್ನೆ ಅಂಗಡಿಯಾಗೆ ತಂದಿದ್ದು. ನಾನು ಕಟ್ಟಲೇ ಇಲ್ಲ. ಅವತ್ತು ಕಾಯಿ ಜುಟ್ಟು ಕಿತ್ತು ಬಂತು. ಚೆನ್ನಾಗಿರೋದನ್ನ ನನ್ ಮಗಳಿಗೆ ಕಟ್ಟಿದೆ. ನಿಮ್ ಮಗಳದ್ದು ಆಮೇಲೆ ಕಟ್ಟಾಣ ಅಂತ ಬಿಟ್ಟೆ. ಕೇಳಿದಾಗ ಕಟ್ಟಿದೀನಿ ಅಂತ ಸುಳ್ಳು ಹೇಳ್ದೆ."

ಅವರ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ಆ ಕಾಯಿ ಏನ್ ಮಾಡಿದ್ರಿ?"

ಇಷ್ಟು ಹೇಳಿದವಳು ಅದನ್ನು ಬಚ್ಚಿಟ್ಟು ಏನು ಮಾಡಲಿ. "ದೋಸೆಗೆ ಚಟ್ನಿ ಅರೆದೆ" ಅಂದೆ.

ಅವರು ಸೌಟು ತಗೊಂಡು ಬೇಳೆ ತಿರುವಿದರು. ತುಂಬ ಹೊತ್ತು ತಿರುವಿದರು. ನಾನು ನಿಂತೇ ಇದ್ದೆ. ಬೈಯಲಿ, ಆಚೆ ಹೋಗು ಅನ್ನಲಿ ಅಂತ ಕಾಯುತ್ತಿದ್ದೆ. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ತಿರುಗಿದಾಗ ನೋಡಿದರೆ ಅಳುವೂ ಇತ್ತು, ಅದರೊಳಗೆ ಇನ್ನೊಂದೂ ಇತ್ತು.

"ಇದನ್ನ ಕೇಳಿದ್ರೆ ಅವಳು ಬಿದ್ ಬಿದ್ ನಗ್ತಿದ್ಲು ಕಣ್ರಿ. ಊರೆಲ್ಲ ಹೇಳ್ಕಂಡ್ ಬರ್ತಿದ್ಲು. ನನ್ ಹರಕೆ ಕಾಯಿ ದೋಸೆಗೆ ನೆಂಚ್ಕಂಡ್ರು ಅಂತ."

ಆಮೇಲೆ ಮುಖ ಗಟ್ಟಿಯಾಯಿತು. "ನಂಗೆ ಸಿಟ್ಟು ಬಂದಿಲ್ಲ ಅಂತ ತಿಳ್ಕಬ್ಯಾಡ್ರಿ. ಬಂದೈತೆ. ಆದ್ರೆ ಕಟ್ಟಿದ್ದು ನಿಮ್ದು ಇಳೀತು, ಕಟ್ಟದೇ ಇರೋದು ನಮ್ದು ಇಳೀಲಿಲ್ಲ ಅಂತ ನಾನಂದ್ರೆ, ನಾಳೆ ನಾನು ಯಾವ ದೇವರಿಗೆ ಕೈ ಮುಗೀಲಿ? ನಂಗೂ ದೇವರು ಬೇಕಲ್ಲ."

ನನ್ನ ಕೈಯಲ್ಲಿದ್ದ ಗಂಟನ್ನು ಇಸಿದುಕೊಂಡು ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟರು. ಕಾಯಿಯನ್ನು ಮೂಸಿ ನೋಡಿ, "ಹೊಗೆ ವಾಸ್ನೆ ಹೊಡೀತೈತೆ. ಒಲೆ ಮಗ್ಗುಲಾಗ್ ಇಟ್ಟಿದ್ರಾ?" ಅಂದರು. ನಾನು ತಲೆ ಬಗ್ಗಿಸಿದೆ. "ನೀರಿಗೆ ಬಿಡಾ ಕಾಯಲ್ಲ ಇದು" ಅಂದು ಕಲ್ಲಿಗೆ ಒಂದೇ ಏಟು ಹಾಕಿ ಒಡೆದರು. ಎರಡು ಹೋಳನ್ನು ನನ್ನ ಮುಂದಿಟ್ಟು, ಈಳಿಗೆಮಣೆ ಎಳೆದು ಕೊಟ್ಟರು. "ತುರೀರಿ. ಚಟ್ನಿ ಅರೀರಿ. ಮೂರು ಜನ ಪೈಲಟ್ರು ಉಣ್ಣಾಕೆ ಕುಂತವ್ರೆ. ಅವಳ ಕಾಯಿನ ಅವಳ ಜನಾನೇ ತಿನ್ಲಿ."

ತುರಿದೆ. ಒರಳಿನಲ್ಲಿ ಅರೆದೆ. ಅವರು ಪಕ್ಕದಲ್ಲಿ ಕೂತು ಹಸಿಮೆಣಸಿನಕಾಯಿ ತೊಟ್ಟು ಬಿಡಿಸಿ ಕೊಟ್ಟರು, ಉಪ್ಪು ಸಾಕಾ ಅಂತ ಒಮ್ಮೆ ಕೇಳಿದರು. ಊಟಕ್ಕೆ ಕೂತವರಿಗೆ ನಾನೇ ಬಡಿಸಿದೆ. ಹಿರಿಯೂರಿನ ಹುಡುಗ ಇನ್ನೊಂದು ಸಲ ಹಾಕಿಸಿಕೊಂಡ. ಮಗಳಿಗೆ ಬಡಿಸುವಾಗ ಅವಳು ನನ್ನ ಮುಖ ನೋಡಿದಳು, ಎಲೆಯ ಮೇಲಿನ ಚಟ್ನಿ ನೋಡಿದಳು. ವಾಪಸ್ ಬರುವಾಗ ಕಾರಿನಲ್ಲಿ ಎಲ್ಲರ ಎದುರೂ ಹೇಳಿದೆ. ಮಗಳು ನನ್ನ ಖಾಲಿ ಚೀಲ ತಗೊಂಡು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಅವಳು ಗಾಡಿ ಹತ್ತುವ ಮೊದಲು ಹೇಳಿದೆ: "ಇಳಿದ ಕೂಡಲೇ ಕಳಿಸಬೇಡ. ಕೆಳಗಿಳಿದು, ಸುತ್ತ ನೋಡಿ, ಎಲ್ಲರೂ ಬಂದ ಮೇಲೆ ಕಳಿಸು. ನಾನು ಕಾಯ್ತೀನಿ."

"ಕಾಫಿ ಲೇಟಾಗತ್ತಲ್ಲ."

"ಆಗ್ಲಿ."

ಅವಳು ವಾಪಸ್ ಹೋದ ಮೇಲೂ ಎಂಟು ದಿನ ಅಲ್ಲಿ ಹಾರಾಟ ಇರಲಿಲ್ಲ. ಒಂಬತ್ತನೆಯ ದಿನ ಅವಳು ಮತ್ತೆ ಹಾರಿದಳು. ಬೆಳಗಿನಿಂದ ನಾನು ಅಂಗಳ ಎರಡು ಸಲ ಗುಡಿಸಿದೆ, ರಂಗೋಲಿ ಅಳಿಸಿ ಮತ್ತೆ ಹಾಕಿದೆ. ಹತ್ತು ಗಂಟೆ ದಾಟಿದ ಮೇಲೆ ಮೆಸೇಜು ಬಂತು. ಈ ಸಲ ಎರಡು ಪದ: "ಎಲ್ಲರೂ ಇಳಿದೆವು." ಕಾಫಿಗೆ ಹಾಲು ಇಟ್ಟೆ. ಲೋಟ ಕೈಗೆ ತಗೊಂಡಾಗ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಜಾಜೂರಮ್ಮನಾ? ಇವತ್ತು ಹಾರ್ತಾರೆ ಅಂತ ಮೇಷ್ಟ್ರು ಹೇಳಿದ್ರು. ನಿಮ್ ಹುಡುಗಿ ಇಳಿದ್ಲೇನ್ರಿ?"

"ಇಳಿದ್ಲು" ಅಂದೆ. "ಎಲ್ರೂ ಇಳಿದ್ರಂತೆ."

"ಹ್ಞೂಂ."

ಆ ಕಡೆ ಕುರಿಗಳು ಅರಚುವುದು ಕೇಳಿಸಿತು. ಅವರು ಇನ್ನೇನೋ ಹೇಳುತ್ತಾರೆ ಅಂತ ನಾನು ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡೆ. ಏನೂ ಹೇಳಲಿಲ್ಲ. ಫೋನ್ ಇಡಲೂ ಇಲ್ಲ. ಅವರ ಉಸಿರು, ಕುರಿಗಳು, ಆಮೇಲೆ ನಮ್ಮ ಮನೆಯ ಹಿಂದೆ ಹಾದು ಹೋದ ಗೂಡ್ಸ್ ಗಾಡಿ. ಅದು ಪೂರ್ತಿ ದಾಟುವ ತನಕ ಇಬ್ಬರೂ ಹಾಗೇ ಇದ್ದೆವು.

"ಕಾಫಿ ಕುಡೀರಿ" ಅಂದು ಅವರೇ ಇಟ್ಟರು.